ಕೈಲೇ ಹರಿಯಬೇಕಾದ ಸೊಪ್ಪು

ಇವತ್ತು ಮಾಡಿದ ಕೆಲಸ: ಬಾಗಿಲಿಗೆ ನೀರು ಹಾಕಿ ರಂಗೋಲಿ ಎಳೆದದ್ದು. ನಲ್ಲಿ ಬಂದಾಗ ಡ್ರಮ್ಮು, ಬಿಂದಿಗೆ, ಕೊನೆಗೆ ಪಾತ್ರೆಗಳನ್ನೂ ತುಂಬಿಸಿದ್ದು. ಅತ್ತೆಗೆ ಕಾಫಿ, ಇವರಿಗೆ ಗಂಜಿ. ಇವರ ಮುಖ ತೊಳೆಸಿ, ಅಂಗಿ ತೊಡಿಸಿ, ಹಿತ್ತಿಲ ಜಗಲಿಗೆ ಕರೆದುಕೊಂಡು ಹೋಗಿ ಕೂರಿಸಿದ್ದು. ಬಟ್ಟೆ ಒಗೆದು ಹರವಿದ್ದು. ಗ್ಯಾಸ್ ಬುಕ್ ಮಾಡಿದ್ದು. ಬೆಳ್ಳುಳ್ಳಿ ಸುಲಿದದ್ದು. ಲೆಟಿಸ್ ಸೊಪ್ಪು ಕಿತ್ತು ಐಸ್ ನೀರಿಗೆ ಹಾಕಿದ್ದು.

ಕೊನೆಯದೊಂದು ಬಿಟ್ಟರೆ ಉಳಿದದ್ದೆಲ್ಲ ದಿನಾ ಇರುವುದೇ. ಆ ಕೊನೆಯದಕ್ಕಾಗಿಯೇ ನಾನು ಸಂಕ್ರಾಂತಿಯಿಂದ ಕಾದಿದ್ದೆ.

ನಮ್ಮ ಯಜಮಾನರು ಬೆಂಗಳೂರಿನ ಒಂದು ದೊಡ್ಡ ಹೋಟೆಲಿನ ಅಡುಗೆಮನೆಯಲ್ಲಿದ್ದರು. ಒಲೆಯ ಮುಂದಲ್ಲ, ತಣ್ಣನೆಯ ಕೋಣೆಯಲ್ಲಿ, ಸಲಾಡ್ ಮಾಡುವ ಕಡೆ. ಬೆಳಿಗ್ಗೆಯಿಂದ ಸಂಜೆಯವರೆಗೆ ಕ್ರೇಟುಗಟ್ಟಲೆ ಲೆಟಿಸ್ ತೊಳೆದು ಹರಿಯುವುದು ಅವರ ಕೆಲಸ. ರಜಾಕ್ಕೆ ಮಧುಗಿರಿಗೆ ಬಂದಾಗಲೆಲ್ಲ ಹೇಳುತ್ತಿದ್ದರು, ಚಾಕು ತಾಕಿಸಿದರೆ ಅಂಚು ಕಪ್ಪಾಗುತ್ತೆ, ಅದನ್ನ ಕೈಲೇ ಹರೀಬೇಕು ಅಂತ. ನಾನು ಹೂಂ ಅನ್ನುತ್ತಿದ್ದೆ. ತಿನ್ನದ ಸೊಪ್ಪಿನ ವಿಷಯ ಎಷ್ಟು ಹೊತ್ತು ಕೇಳುವುದು.

ದೀಪಾವಳಿ ಕಳೆದ ಮೇಲೆ ಅವರಿಗೆ ಲಕ್ವ ಹೊಡೆಯಿತು. ಮನೆಗೆ ಕರೆದುಕೊಂಡು ಬಂದೆವು. ಬಲಗಾಲು ನಿಧಾನಕ್ಕೆ ಹೇಳಿದ ಮಾತು ಕೇಳಿತು. ನಾಲಿಗೆಯೂ ತಿರುಗಿತು. ಬಲಗೈ ಮಾತ್ರ ಬರಲಿಲ್ಲ. ಆಸ್ಪತ್ರೆಯಲ್ಲಿ ವ್ಯಾಯಾಮ ಮಾಡಿಸುವ ಹುಡುಗಿ ನನ್ನನ್ನು ಪಕ್ಕಕ್ಕೆ ಕರೆದು ಹೇಳಿದಳು: “ಮೊದಲ ಕೆಲವು ತಿಂಗಳಲ್ಲಿ ಎಷ್ಟು ಬರುತ್ತೋ ಅಷ್ಟು ಆಂಟಿ. ಆಮೇಲೆ ಕಷ್ಟ. ಅವರು ಮೊದಲು ಮಾಡ್ತಿದ್ದ ಕೆಲಸಾನೇ ಕೊಟ್ಟು ನೋಡಿ. ಕೈಗೆ ನೆನಪಿರುತ್ತೆ.”

ಅವಳು ಕೊಟ್ಟ ಮೆತ್ತನೆಯ ಚೆಂಡನ್ನು ಇವರು ಎಡಗೈಲಿ ಬೀದಿಗೆ ಎಸೆದರು. ತಟ್ಟೆಯಲ್ಲಿ ಕಾಳು ಹಾಕಿ ಆರಿಸಿ ಅಂದರೆ, “ನಾನೇನು ಅಂಗನವಾಡಿ ಮಗೂನೇನೇ?” ಅಂದರು. ಕೊತ್ತಂಬರಿ ಕಟ್ಟು ಬಿಚ್ಚಿಟ್ಟರೆ ಗೋಡೆಯ ಕಡೆ ತಿರುಗಿ ಕೂತರು. ಮೊದಲು ಮಾಡುತ್ತಿದ್ದ ಕೆಲಸ ಅಂದರೆ ಲೆಟಿಸ್ಸೇ ಆಗಬೇಕು. ಅವರ ಜೊತೆ ಕೆಲಸ ಮಾಡುತ್ತಿದ್ದವರೊಬ್ಬರು ಬಸ್ಸಿನಲ್ಲಿ ಒಂದು ಕವರು ಸೊಪ್ಪು ಕಳಿಸಿಕೊಟ್ಟರು. ಬಿಸಿಲಲ್ಲಿ ಬಂದು ಬೇಯಿಸಿದ ಹಾಗಾಗಿತ್ತು. ಇವರು ಮುಟ್ಟಲಿಲ್ಲ. “ಇದು ಸತ್ತೈತೆ. ಹರಿದ್ರೆ ಟಪ್ ಅನ್ಬೇಕು” ಅಂದರು. ಹಾಗಾದರೆ ಮನೆಯಲ್ಲೇ ಬೆಳೆಯಬೇಕು ಅಂತ ನನಗೆ ಹೊಳೆದದ್ದು ಆಗ. ನಾನು ಅಲ್ಲಿಯವರೆಗೆ ತುಳಸಿ ಗಿಡ ಬಿಟ್ಟು ಏನನ್ನೂ ಬೆಳೆಸಿದವಳಲ್ಲ.

ಪೇಟೆಯ ಗೊಬ್ಬರದಂಗಡಿಗೆ ಹೋಗಿ ಲೆಟಿಸ್ ಕೇಳಿದೆ.

“ಯಾವ ಹುಳಕ್ಕೆ ಹೊಡೆಯೋದಕ್ಕ ಅದು?” ಅಂದರು ಅಂಗಡಿಯವರು.

“ಔಷಧಿ ಅಲ್ಲಣ್ಣ, ಸೊಪ್ಪಿನ ಬೀಜ.”

“ಸೊಪ್ಪು ಅಂದ್ರೆ ದಂಟೈತೆ, ಪಾಲಕ್ ಐತೆ, ಸಬ್ಬಸಿಗೆ ಐತೆ. ಇಂಗ್ಲಿಷ್ ಸೊಪ್ಪೆಲ್ಲ ಬೇಕಂದ್ರೆ ಫೋನಲ್ಲಿ ತರ್ಸ್ಕೊಬೇಕು ಕಣಕ್ಕ.”

ಫೋನಲ್ಲೇ ತರಿಸಿದೆ. ಕೊರಟಗೆರೆಯ ತವರಿನಿಂದ ಚೀಲದಲ್ಲಿ ಮಣ್ಣು ಬಂತು. ಪೇಂಟ್ ಬಕೆಟ್ಟುಗಳಿಗೆ ತೂತು ಹಾಕಿ ತುಂಬಿದೆ. ನಮ್ಮಮ್ಮ ದಂಟಿನ ಬೀಜ ಹಾಕುವುದನ್ನು ನೋಡಿದ್ದೆ. ಹಾಗೇ ಮರಳಲ್ಲಿ ಬೆರೆಸಿ ಎರಚಿ, ಮೇಲೆ ಗೊಬ್ಬರ ಮುಚ್ಚಿ, ಅಂಗೈಯಲ್ಲಿ ಒತ್ತಿ, ನೀರು ಚಿಮುಕಿಸಿದೆ. ದಿನಾ ಬಗ್ಗಿ ನೋಡಿದೆ. ಇರುವೆ ಬಂದವು. ಮೊಳಕೆ ಬರಲಿಲ್ಲ.

ಜಗಲಿಯ ಮೇಲೆ ಕೂತು ನೋಡುತ್ತಿದ್ದ ಇವರು ಒಂದು ದಿನ ಬಾಯಿಬಿಟ್ಟರು.

“ಅದು ಐಸ್ ಮೇಲೆ ಬರ್ತಿತ್ತು ಕಣೇ. ಊಟಿ ಕಡೆಯಿಂದ. ಈ ಬಂಡೆ ಬುಡದಾಗೆ ಯಾವಳಾದ್ರೂ ಲೆಟಿಸ್ ಹಾಕ್ತಾಳಾ?”

ನಮ್ಮ ಮನೆ ಬೆಟ್ಟದ ಬುಡದ ಬೀದಿಯಲ್ಲಿದೆ. ಬಂಡೆ ಹಗಲೆಲ್ಲ ಕುಡಿದ ಬಿಸಿಲನ್ನು ಸಂಜೆ ನಮ್ಮ ಹಿತ್ತಿಲಿಗೆ ಉಗುಳುತ್ತದೆ. ಅವರು ಹೇಳಿದ್ದು ನಿಜ. ಆದರೆ ನನಗೆ ಕಿವಿಗೆ ಬಿದ್ದದ್ದು ಬೇರೆ. ಒಂದು ವಾರದಲ್ಲಿ ಅವರು ಆಡಿದ್ದ ಅತಿ ಉದ್ದದ ಮಾತು ಅದು. ಐಸ್ ತಾನೇ ಬೇಕು ಅಂತ ಉಳಿದ ಬೀಜದಲ್ಲಿ ಸ್ವಲ್ಪ ತೆಗೆದು ಒದ್ದೆ ಬಟ್ಟೆಯಲ್ಲಿ ಕಟ್ಟಿ ಫ್ರಿಜ್ಜಲ್ಲಿಟ್ಟೆ.

ಅತ್ತೆ ಮೊಸರು ತೆಗೆಯಲು ಹೋಗಿ ಗಂಟು ಬಿಚ್ಚಿದರು. ಒಳಗಿನ ಬೀಜ ನೋಡಲು ಎಳ್ಳಿನ ಹಾಗೇ ಇತ್ತು. ಅವರ ತವರು ಪಾವಗಡದ ಕಡೆ, ಗಾಬರಿಯಾದರೆ ತೆಲುಗೇ ಬರುವುದು. “ಏಂಟೇ ಇದಿ? ಯಾರಿಗೆ ಎಳ್ಳುನೀರು ಬಿಡಾಕೆ ಮಡಗಿದ್ದೀಯ?” ಅಂದವರು ಮಗನ ಕಡೆ ನೋಡಿ ನಾಲಿಗೆ ಕಚ್ಚಿಕೊಂಡರು. ಗಂಟನ್ನು ಮತ್ತೆ ಕಟ್ಟಿ ಇದ್ದಲ್ಲೇ ಇಟ್ಟರು.

ಫ್ರಿಜ್ಜಿನ ಬೀಜ ಬಿಳಿ ಬಾಲ ಬಿಟ್ಟವು. ಈ ಸಲ ಮಣ್ಣು ಮುಚ್ಚದೆ ಮೇಲೇ ಇಟ್ಟೆ. ಹಳೆ ಸೀರೆ ಕಟ್ಟಿ ನೆರಳು ಮಾಡಿದೆ. ನಲ್ಲಿಯ ನೀರು ಹಾಕಿದರೆ ಎಲೆಯಂಚು ಸುಟ್ಟಂತಾಗುತ್ತಿತ್ತು. ಆ ನೀರು ಬಿಂದಿಗೆಗೇ ಬಿಳಿ ಕರೆ ಕಟ್ಟಿಸುತ್ತದೆ. ಅದಕ್ಕೇ ಕುಡಿಯುವ ಕ್ಯಾನಿನ ನೀರು ಹಾಕತೊಡಗಿದೆ. “ನಮಗೇ ಅಳತೆ ಮಾಡಿ ಕೊಡ್ತಾಳೆ, ಬಕೀಟಿಗೆ ಕ್ಯಾನ್ ನೀರು” ಅಂತ ಅತ್ತೆ ಪಕ್ಕದ ಮನೆಯವರಿಗೆ ಕೇಳುವ ಹಾಗೆ ಅಂದರು. ನಾನು ತಲೆ ಕೆಡಿಸಿಕೊಳ್ಳಲಿಲ್ಲ. ಎಳೆಹಸಿರು ಎಲೆ, ಅಂಚೆಲ್ಲ ನೆರಿಗೆ. ಇವರು ಕೂತಲ್ಲಿಂದ ಅದನ್ನೇ ನೋಡುತ್ತಿದ್ದರು. ಕೈ ಮಾತ್ರ ತೊಡೆಯ ಮೇಲೆ ಬೇರೆ ಯಾರೋ ಇಟ್ಟುಹೋದ ಸಾಮಾನಿನಂತೆ ಬಿದ್ದಿರುತ್ತಿತ್ತು.

ಒಂದು ದಿನ ಔಷಧಿ ತರಲು ಹೋಗಿ ಬರುವಷ್ಟರಲ್ಲಿ ಚೆನ್ನಾಗಿ ಬಂದಿದ್ದ ಬಕೆಟ್ಟುಗಳೆಲ್ಲ ಖಾಲಿ. ಒಲೆಯ ಮೇಲೆ ಮಸ್ಸೊಪ್ಪು ಕುದಿಯುತ್ತಿತ್ತು.

“ಅತ್ತೆ, ಬೇರು ಸಮೇತ ಕಿತ್ತುಬುಟ್ರಾ?”

“ಸೊಪ್ಪು ಅಂದ್ಮೇಲೆ ಬೇರು ಸಮೇತ ಕೀಳ್ದೆ, ಕತ್ತರಿ ತಗೊಂಡು ಕಟಿಂಗ್ ಮಾಡ್ಲೇನಮ್ಮ? ಇಷ್ಟು ದಿನ ಮಗು ಸಾಕ್ದಂಗೆ ಸಾಕ್ದೆ. ನನ್ನ ಮಗ ಒಂದೊತ್ತು ತಿನ್ಲಿ ಅಂತ ಬೇಳೆ ಹಾಕ್ದೆ. ತಪ್ಪಾ?”

ಅದು ಬೇಳೆಯಲ್ಲಿ ಕರಗಿ ಎಲ್ಲಿಹೋಯಿತೋ, ಪಾತ್ರೆಯಲ್ಲಿ ಹುಡುಕಿದರೂ ಸೊಪ್ಪು ಕಾಣಲಿಲ್ಲ. ಅಳು ಬಂದು ಅಡುಗೆಮನೆಯ ಬಾಗಿಲಲ್ಲೇ ಕೂತುಬಿಟ್ಟೆ. ಹಿತ್ತಿಲಿಂದ ಏನೋ ಸದ್ದು ಕೇಳಿತು. ಹೋಗಿ ನೋಡಿದರೆ ಇವರು ನಗುತ್ತಿದ್ದರು. ಬಾಯಿ ಒಂದು ಕಡೆಗೆ ಸೊಟ್ಟಗಾಗಿ, ಕಣ್ಣಲ್ಲಿ ನೀರು ಬರುವಂತೆ. “ಲೆಟಿಸ್ ಮಸ್ಸೊಪ್ಪು! ನಮ್ಮ ಶೆಫ್‌ಗೆ ಹೇಳ್ಬೇಕು ಕಣವ್ವ, ಮೆನು ಕಾರ್ಡ್‌ಗೆ ಹಾಕ್ತಾನೆ” ಅಂದರು. ಅತ್ತೆಯೂ ಸೆರಗು ಬಾಯಿಗಿಟ್ಟುಕೊಂಡು ನಕ್ಕರು. ಲಕ್ವ ಹೊಡೆದ ಮೇಲೆ ಇವರು ನಕ್ಕದ್ದು ಅದೊಂದೇ ಸಲ. ಆ ನಗುವನ್ನು ನೋಡಿ, ಕೈಯೂ ಬರುತ್ತದೆ ಅಂದುಕೊಂಡೆ.

ಮೂಲೆಯ ಒಂದು ಬಕೆಟ್ಟು ಅತ್ತೆಯ ಕಣ್ಣು ತಪ್ಪಿಸಿ ಉಳಿದಿತ್ತು. ಅಷ್ಟರಲ್ಲಿ ಶಿವರಾತ್ರಿ ಕಳೆದು ಬಿಸಿಲು ಏರಿತು. ಆ ಗಿಡಗಳ ನಡುವಿನಿಂದ ಒಂದೊಂದು ದಂಟು ಎದ್ದಿತು. ನನಗೆ ಖುಷಿಯಾಯಿತು. ನಮ್ಮಮ್ಮನ ದಂಟಿನ ಸೊಪ್ಪು ಹಾಗೇ ಏಳುತ್ತಿತ್ತು, ಎದ್ದಷ್ಟೂ ಒಳ್ಳೆಯದು. ಇನ್ನೂ ಬಲಿಯಲಿ, ಎಲೆ ದೊಡ್ಡದಾಗಲಿ, ಇವರ ಕೈಗೆ ಹಿಡಿಯಲು ಸಿಗಲಿ ಅಂತ ಬಿಟ್ಟೆ.

ಹಾಗೆ ಬಿಟ್ಟಿದ್ದ ದಿನಗಳಲ್ಲೇ ವ್ಯಾಯಾಮದ ಹುಡುಗಿಯ ಹತ್ತಿರ ಮತ್ತೆ ಹೋಗಿದ್ದೆವು. ಅವಳು ಒಂದೊಂದು ಬೆರಳನ್ನೂ ಬಗ್ಗಿಸಿ ಬಿಟ್ಟು ನೋಡಿದಳು. “ನಡೆಸ್ತಾ ಇರಿ ಆಂಟಿ, ಕಾಲು ಚೆನ್ನಾಗಿದೆ” ಅಂದಳು. ಕೈ ಬಗ್ಗೆ ಕೇಳಿದೆ. “ನೋಡೋಣ” ಅಂದು ಮುಂದಿನವರನ್ನು ಕರೆದಳು. ಬಸ್ಸಿನಲ್ಲಿ ಇವರು ಕಿಟಕಿಯಾಚೆಗೇ ನೋಡುತ್ತಾ ಬಂದರು. ನಾನು ಕಾಯಲು ಹೆದರತೊಡಗಿದ್ದು ಆವತ್ತಿನಿಂದ.

ಇವತ್ತು ಬೆಳಿಗ್ಗೆ ಎಲೆ ಕಿತ್ತೆ. ಕಿತ್ತ ಕಡೆ ಹಾಲು ಒಸರಿ ಬೆರಳು ಅಂಟಾಯಿತು. ಸ್ಟೀಲ್ ಬೇಸಿನ್ನಿಗೆ ಫ್ರಿಜ್ಜಿನ ನೀರು, ಐಸು ಹಾಕಿ ಎಲೆ ಮುಳುಗಿಸಿಟ್ಟೆ. ಅವು ಸೆಟೆದು ನಿಂತ ಮೇಲೆ ತಂದು ಇವರ ಮುಂದಿಟ್ಟೆ. ಪಕ್ಕದಲ್ಲಿ ಖಾಲಿ ತಟ್ಟೆ ಇಟ್ಟೆ. ಅತ್ತೆ ಬಾಗಿಲ ಹಿಂದೆ ನಿಂತಿದ್ದರು.

ಇವರು ತುಂಬಾ ಹೊತ್ತು ಬೇಸಿನ್ನನ್ನು ನೋಡಿದರು. ಎಡಗೈ ಅದ್ದಿ ಒಂದು ಎಲೆ ಎತ್ತಿ ನೀರು ಕೊಡವಿದರು. ಕೊಡವಿದ ರೀತಿಯಲ್ಲೇ ಗೊತ್ತಾಗುತ್ತಿತ್ತು, ಅದು ಎಷ್ಟು ವರ್ಷದ ಅಭ್ಯಾಸ ಅಂತ. ಆಮೇಲೆ ತಾವೇ ಅದನ್ನು ಬಲ ಅಂಗೈಯ ಮೇಲಿಟ್ಟರು. ನಾನು ಬೆರಳುಗಳನ್ನೇ ನೋಡುತ್ತಿದ್ದೆ. ಅವರೂ ಅದನ್ನೇ ನೋಡುತ್ತಿದ್ದರು. ಹಣೆಯಲ್ಲಿ ನರ ಉಬ್ಬಿತು, ಕುತ್ತಿಗೆ ಬಿಗಿಯಿತು, ಭುಜ ಸ್ವಲ್ಪ ಮೇಲೆದ್ದಿತು. ಬೆರಳು ಮುಚ್ಚಲಿಲ್ಲ. ಎಲೆ ಜಾರಿ ಕಾಲ ಮೇಲೆ ಬಿದ್ದಿತು. ಮತ್ತೆ ಎತ್ತಿಟ್ಟರು. ಮತ್ತೆ ಜಾರಿತು. “ಇರ್ಲಿ ಬುಡ್ರೀ, ನಾಳೆ ನೋಡಾನ” ಅಂದೆ. ಕೇಳಿಸಲಿಲ್ಲವೆಂಬಂತೆ ಇನ್ನೊಂದು ಎಲೆ ತೆಗೆದು ಒಂದು ತುದಿ ಹಲ್ಲಲ್ಲಿ ಕಚ್ಚಿ, ಇನ್ನೊಂದನ್ನು ಎಡಗೈಲಿ ಎಳೆದು ಹರಿದರು. ಟಪ್ ಅಂತು.

ಬಾಯಲ್ಲಿದ್ದ ಚೂರನ್ನು ಅಗಿದು ತಟ್ಟೆಗೆ ಉಗಿದರು.

“ಕಹಿ ಆಗೈತೆ. ದಂಟು ಬಂದ್ಮೇಲೆ ಮುಗೀತು ಇದು. ಇಂಥ ಮಾಲು ಬಂದ್ರೆ ನಾವು ಗೇಟಿಂದ್ಲೇ ವಾಪಸ್ ಕಳಿಸ್ತಿದ್ವಿ.”

“ಇನ್ನೊಂದ್ಸಲ ಹಾಕ್ತೀನಿ. ಮಳೆಗಾಲಕ್ಕೆ ಸೆಕೆ ಕಮ್ಮಿ ಇರುತ್ತೆ.”

“ಬ್ಯಾಡ ಕಣೇ” ಅಂದರು. ಸಿಟ್ಟಿರಲಿಲ್ಲ. “ಯಾಕೆ ಬೆಳೀತಿದ್ದೆ ಅಂತ ನಂಗೂ ಗೊತ್ತು. ಇನ್ ಬ್ಯಾಡ.”

ಬೀಜದ ಪೊಟ್ಟಣದಲ್ಲಿ ಇನ್ನೂ ಅರ್ಧ ಇದೆ. ಮಳೆಗಾಲಕ್ಕೆ ಗಿಡ ಚೆನ್ನಾಗಿಯೇ ಬರಬಹುದು. ಅಷ್ಟರಲ್ಲಿ ಆ ಹುಡುಗಿ ಹೇಳಿದ ತಿಂಗಳುಗಳು ಕಳೆದುಹೋಗಿರುತ್ತವೆ. ಬೇಸಿನ್ನನ್ನು ಪಕ್ಕದ ಮನೆಯ ಎಮ್ಮೆಯ ಮುಂದೆ ಸುರಿದೆ. ಮೂಸಿತು, ಮೂರು ಬಾಯಿಗೆ ತಿಂದು ಮುಗಿಸಿತು. ಮಣ್ಣನ್ನು ಹಿತ್ತಿಲಿಗೆ ಚೆಲ್ಲಿ ಬಕೆಟ್ಟು ಬೋರಲು ಹಾಕಿದೆ. ಅತ್ತೆ ಸೀರೆಯ ನೆರಳನ್ನು ಬಿಚ್ಚಿ ಮಡಚಿ ಒಳಗಿಟ್ಟರು.

ಸಂಜೆ ಮುದ್ದೆ ತೊಳಸಿದೆ. ಹುರುಳಿಕಾಳಿನ ಸಾರು ನೆನ್ನೆಯದೇ, ಕಾಯಿಸಿದಷ್ಟೂ ಗಟ್ಟಿಯಾಗಿತ್ತು. ಅತ್ತೆಗೆ ಅನ್ನ ಮಜ್ಜಿಗೆ. ಇವರು ಎಡಗೈಲಿ ಮುದ್ದೆ ಮುರಿದು ಸಾರಲ್ಲಿ ಹೊರಳಿಸಿ ಅರ್ಧ ತಿಂದು ತಟ್ಟೆ ಸರಿಸಿದರು. ಉಳಿದರ್ಧ ನಾನು ತಿಂದೆ. ಮೊದಲು ಮಲಗಿದ್ದು ಇವರೇ, ಅತ್ತೆ ಇನ್ನೂ ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದಾಗ. ದೀಪ ಆರಿಸಲು ಹೋದಾಗ ನೋಡಿದೆ, ಮಗ್ಗುಲಾಗಿ ಬಲಗೈ ಮೈ ಕೆಳಗೆ ಸಿಕ್ಕಿಕೊಂಡಿತ್ತು. ಮೆಲ್ಲಗೆ ಎಳೆದು ಪಕ್ಕಕ್ಕಿಟ್ಟೆ. ಅವರಿಗೆ ಗೊತ್ತಾಗಲಿಲ್ಲ.