ಸೂಜಿ ಚುಚ್ಚಿದ ಮೇಲಿನ ಊಟ

ಸ್ಪಿರಿಟ್ಟಿನ ವಾಸನೆ ಎಲ್ಲೇ ಬಂದರೂ ನನಗೆ ಆಸ್ಪತ್ರೆ ನೆನಪಾಗುವುದಿಲ್ಲ, ನಜರ್‌ಬಾದಿನ ನಮ್ಮ ಹಳೆಯ ಅಡುಗೆಮನೆ ನೆನಪಾಗುತ್ತದೆ. ಐವತ್ತರ ದಶಕದ ಕೊನೆಯ ವರ್ಷಗಳು. ಅಪ್ಪನಿಗೆ ಸಕ್ಕರೆ ಕಾಯಿಲೆ. ಬೆಳಿಗ್ಗೆ ಒಂದು ಒಲೆಯಲ್ಲಿ ಅನ್ನ, ಇನ್ನೊಂದರಲ್ಲಿ ಗಾಜಿನ ಸಿರಿಂಜು ಕುದಿಯುತ್ತಿದ್ದವು. ಇನ್ಸುಲಿನ್ ಚುಚ್ಚುವುದನ್ನು ಅವ್ವನೇ ಕಲಿತಿದ್ದಳು. ಚುಚ್ಚಿಸಿಕೊಂಡ ಅಪ್ಪ ಸುಮ್ಮನಿದ್ದರೆ ಚುಚ್ಚಿದ ಅವಳು ‘ಉಸ್’ ಎನ್ನುತ್ತಿದ್ದಳು, ಅಪ್ಪ ಅದಕ್ಕೇ ರೇಗಿಸುತ್ತಿದ್ದರು. ಚುಚ್ಚಿದ ಮೇಲೆ ತಡಮಾಡದೆ ಉಣ್ಣಬೇಕು, ಇಲ್ಲದಿದ್ದರೆ ಸಕ್ಕರೆ ತೀರ ಇಳಿದು ಜೀವಕ್ಕೇ ಅಪಾಯ ಎಂದು ಡಾಕ್ಟರು ಹೇಳಿದ್ದರು. ಅಂಥದೊಂದು ಅಡುಗೆಮನೆಯನ್ನು ನೀವೂ ಕಳೆದುಕೊಂಡಿರಬಹುದು, ಹೆಚ್ಚು ಹೇಳಬೇಕಿಲ್ಲ.

ಎದುರುಮನೆಯ ಸಾಹೇಬರಿಗೂ ಅದೇ ಕಾಯಿಲೆ. ರಂಜಾನ್ ತಿಂಗಳಲ್ಲಿ ಅವರ ಹೆಂಡತಿ ಬೀಬಮ್ಮ ತಾವು ಉಪವಾಸವಿದ್ದುಕೊಂಡೇ, ಹಟ ಹಿಡಿದ ಗಂಡನ ಮುಂದೆ ಕೂತು ಉಣ್ಣಿಸುತ್ತಿದ್ದರು. ಕಾಯಿಲೆಯವರಿಗೆ ದೇವರೇ ವಿನಾಯಿತಿ ಕೊಟ್ಟಿದ್ದಾನೆ ಎನ್ನುತ್ತಿದ್ದರು. ನಾವು ಲಿಂಗವಂತರು, ನಮ್ಮ ನೇಮ ಬೇರೆ. ಮಠದ ಸ್ವಾಮಿಗಳು ಮನೆಗೆ ಬರುವ ದಿನ ಪಾದಪೂಜೆ ಮುಗಿದು, ಅವರು ಉಂಡ ಮೇಲೆಯೇ ಮನೆಯ ಯಜಮಾನ ಬಾಯಿಗೆ ಏನಾದರೂ ಹಾಕಬೇಕು.

ಆ ಸೋಮವಾರ ಸ್ವಾಮಿಗಳು ಇನ್ನೇನು ಬಂದರೆಂದು ಅವ್ವ ಸೂಜಿ ಚುಚ್ಚಿಬಿಟ್ಟಳು. ಒಂಟಿಕೊಪ್ಪಲಿನ ಭಕ್ತರೊಬ್ಬರ ಮನೆಯಲ್ಲಿ ಪೂಜೆ ಬೆಳೆದು ಅವರು ಬರುವುದು ತಡವಾಯಿತು. ಅಪ್ಪ ಅಂಗೈಯಲ್ಲಿ ಲಿಂಗ ಹಿಡಿದು ಕೂತೇ ಇದ್ದರು. ಹಣೆಯ ವಿಭೂತಿ ಬೆವರಿಗೆ ಕರಗಿತು. ಏನೋ ತೊದಲಿದರು. ಅವ್ವ ತಟ್ಟೆಯಲ್ಲಿ ಅನ್ನ ತಂದಳು. ಶಿವಧ್ಯಾನದಲ್ಲಿ ಮೈಮರೆತಿದ್ದಾನೆ, ಮುಟ್ಟಬೇಡ ಎಂದು ದೊಡ್ಡಪ್ಪ ತಡೆದರು. ಅವಳು ತಟ್ಟೆ ಕೆಳಗಿಟ್ಟಳು. ನಾವೆಲ್ಲ ಕೈಮುಗಿದು ನಿಂತೆವು. ಸ್ವಾಮಿಗಳು ಬಂದವರೇ ಅಪ್ಪನ ಮೈ ಮುಟ್ಟಿ ನೋಡಿ, ಡಾಕ್ಟರನ್ನು ಕರೆಸಿ ಎಂದು ಕೂಗಿದರು. ಬೀಬಮ್ಮ ಸಕ್ಕರೆ ನೀರು ಹಿಡಿದು ಓಡಿಬಂದರು. ಅದು ಗಂಟಲಲ್ಲಿ ಇಳಿಯಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಅಪ್ಪ ತೀರಿಕೊಂಡರು.

ಲಿಂಗ ಹಿಡಿದೇ ಹೋದ ಪುಣ್ಯವಂತ ಎಂದು ನೆಂಟರೆಲ್ಲ ಹೇಳಿದರು. ಅವ್ವನೂ ಅದನ್ನೇ ನಂಬಿಕೊಂಡು ಬದುಕಿದ್ದಾಳೆಂದು ನಾನು ತಿಳಿದಿದ್ದೆ. ಎಷ್ಟೋ ವರ್ಷಗಳ ಮೇಲೆ, ನನ್ನ ಮಗುವಿಗೆ ಅನ್ನ ಕಲಸಿ ತಿನ್ನಿಸುತ್ತಿದ್ದವಳು ಕೈ ನಿಲ್ಲಿಸಿ ಕೇಳಿದಳು:

“ಚುಚ್ಚಿದೋಳು ನಾನು ಕಣಮ್ಮ. ಉಣ್ಣಬೇಕು ಅಂತ ನಂಗೆ ಗೊತ್ತಿತ್ತು. ಒಂದು ತುತ್ತು ತಿನ್ನಿಸ್ಬುಟ್ಟಿದ್ರೆ ಶಿವ ಬ್ಯಾಡ ಅಂತಿದ್ನಾ?”

ಅನ್ನುತ್ತಿರಲಿಲ್ಲ ಎಂದರೆ ಅಪ್ಪನ ಸಾವನ್ನು ಅವಳ ತಲೆಗೆ ಕಟ್ಟಿದಂತೆ. ಅನ್ನುತ್ತಿದ್ದ ಎಂದರೆ ಅವಳಿಗೆ ಉಳಿದಿದ್ದ ಶಿವನನ್ನೂ ಕಿತ್ತುಕೊಂಡಂತೆ. ನಾನು ಅವಳ ಕೈಯಿಂದ ತಟ್ಟೆ ತೆಗೆದುಕೊಂಡು ಮಗುವಿಗೆ ಉಳಿದ ತುತ್ತು ತಿನ್ನಿಸಿದೆ. ಅವಳು ಮತ್ತೆ ಕೇಳಲಿಲ್ಲ, ತೀರಿಹೋಗುವವರೆಗೂ ಕೇಳಲಿಲ್ಲ.