ನಾಲ್ಕು ಹಾಡು ಕಳವು

ಹೊಸಹಳ್ಳಿಯ ನಮ್ಮ ಮನೆಗೆ ಬಣ್ಣ ಹೊಡೆಸಲು ಬೀರು ಖಾಲಿ ಮಾಡುತ್ತಿದ್ದೆವು. ಕೆಳಗಿನ ಅರೆಗೆ ಹಾಸಿದ್ದ ಹಳೆಯ ಪತ್ರಿಕೆಯ ಹಾಳೆಯೊಂದು ಕೈಗೆ ಬಂತು. ನಾನು ಉಪಸಂಪಾದಕನಾಗಿದ್ದ ಪತ್ರಿಕೆಯದೇ ಒಳಪುಟ, ಸುಮಾರು ಮೂವತ್ತು ವರ್ಷ ಹಳೆಯದು. ನಗರದ ಪಶ್ಚಿಮ ಭಾಗದ ಸುದ್ದಿಗಳ ಆ ಪುಟವನ್ನು ಅಂದು ಸಿದ್ಧಪಡಿಸಿದವನು ನಾನು. ಶೀರ್ಷಿಕೆಗಳೆಲ್ಲ ನನ್ನವೇ.

ಹೆಂಡತಿ ಏಣಿಯ ಮೇಲೆ ನಿಂತು ಅಟ್ಟದ ಪಾತ್ರೆ ಇಳಿಸುತ್ತಿದ್ದಳು. "ಒಬ್ರೇ ನಗ್ಬೇಡಿ, ಜೋರಾಗಿ ಓದಿ" ಎಂದಳು. ಓದಿದೆ.

‘ವಿಜಯನಗರ: ನೀರಿನ ಸಮಸ್ಯೆಗೆ ಶಾಶ್ವತ ಪರಿಹಾರ’.

"ಅದರ ಅಂಚಲ್ಲಿ ನೋಡಿ, ಟ್ಯಾಂಕರ್‌ನವರ ನಂಬರ್ ಬರ್ದಿಟ್ಟಿದ್ದೆ."

ನಿಜ. ಅವಳ ಅಕ್ಷರದಲ್ಲೇ ಇತ್ತು.

‘ಮಾಗಡಿ ರಸ್ತೆ ವಿಸ್ತರಣೆ: ಇನ್ನು ವಾಹನ ದಟ್ಟಣೆ ಇಲ್ಲ’. ‘ಮಂಗಗಳ ಹಾವಳಿ ಚರ್ಚೆಗೆ ಬಸವೇಶ್ವರನಗರದಲ್ಲಿ ಸಭೆ, ಬಾಳೆಹಣ್ಣು ವಿತರಣೆ’. ‘ರಾಜಾಜಿನಗರ: ಸನ್ಮಾನಿತರು ಗೈರು, ಸನ್ಮಾನ ಯಶಸ್ವಿ’. ಒಂದೊಂದಕ್ಕೂ ಏಣಿ ಅಲುಗಿತು. ಕೊನೆಯದು ಒಂದೇ ಕಾಲಮ್ಮಿನ ಸಣ್ಣ ಸುದ್ದಿ. ಅದನ್ನು ಓದುವ ಮುಂಚೆಯೇ ನನ್ನ ನಗು ನಿಂತಿತ್ತು.

‘ಉಲ್ಲಾಳ: ಮಹಿಳೆ ಕಟ್ಟಿದ್ದ ನಾಲ್ಕು ಹಾಡು ಕಳವು’.

"ಹಾಡು ಹೆಂಗ್ರೀ ಕಳ್ತನ ಆಗತ್ತೆ?"

ವಿವರಿಸಬೇಕಾಯಿತು. ಉಲ್ಲಾಳ ಆಗಿನ್ನೂ ನಗರದಂಚಿನ ಹಳ್ಳಿ. ಅಲ್ಲಿಂದ ಸಂಜೆ ಫೋನಿನಲ್ಲಿ ಸುದ್ದಿ ಹೇಳುತ್ತಿದ್ದ ಬಿಡಿ ವರದಿಗಾರರೊಬ್ಬರಿದ್ದರು. ಅವರ ನಾಲಿಗೆಯಲ್ಲಿ ‘ಹ’ ನಿಲ್ಲುತ್ತಿರಲಿಲ್ಲ. ಹಾಲು ಆಲಾಗುತ್ತಿತ್ತು, ಹಬ್ಬ ಅಬ್ಬವಾಗುತ್ತಿತ್ತು. ನಮ್ಮ ಡೆಸ್ಕಿನಲ್ಲಿ ಅದಕ್ಕೊಂದು ರೂಢಿ ಬೆಳೆದಿತ್ತು: ಅವರ ಫೋನ್ ಬಂದರೆ, ಅನುಮಾನ ಬಂದ ಕಡೆಯಲ್ಲೆಲ್ಲ ‘ಹ’ ಸೇರಿಸಿ ಬರೆದುಕೊಳ್ಳುವುದು. ಕಾಯಂ ಕೆಲಸ ಕೇಳಿಕೊಂಡು ಅವರು ಕಚೇರಿಗೆ ಬಂದಾಗಲೆಲ್ಲ ನಮ್ಮ ಹಿರಿಯರೊಬ್ಬರು, "ಮೊದ್ಲು ‘ಹ’ ಕಲ್ಕೊಂಡ್ ಬನ್ನಿ" ಎನ್ನುತ್ತಿದ್ದರು. ನಾವೆಲ್ಲ ನಗುತ್ತಿದ್ದೆವು.

ಆ ಸಂಜೆ ಅವರು ಹೇಳಿದ್ದು ಇಷ್ಟು: "ಎಂಗಸೊಬ್ರು ಇತ್ಲಲ್ಲಿ ಕಟ್ಟಿದ್ ನಾಕ್ ಆಡು ಕಳ್ತನ ಆಗೈತೆ ಸಾರ್." ನಾನು ರೂಢಿಯಂತೆ ‘ಹ’ ಸೇರಿಸಿದೆ. ಹೆಂಗಸು ಸರಿಹೋಯಿತು, ಹಿತ್ತಲು ಸರಿಹೋಯಿತು. ಅದೇ ಓಟದಲ್ಲಿ ಆಡೂ ಹಾಡಾಯಿತು. ಅನುಮಾನ ಬರಲಿಲ್ಲ. ನಕಲಿ ಕ್ಯಾಸೆಟ್ಟಿನ ದೂರುಗಳು ವಾರಕ್ಕೊಂದು ಬರುತ್ತಿದ್ದ ಕಾಲ. ಹಾಡು ಕಟ್ಟುವ ಹೆಂಗಸರು ಊರೂರಲ್ಲಿ ಇದ್ದೇ ಇರುತ್ತಾರೆ. ‘ಹಿತ್ತಲಲ್ಲಿ’ ಎಂಬ ಪದ ಮಾತ್ರ ಅನಗತ್ಯ ಎನಿಸಿತು. ಹಾಡನ್ನು ಎಲ್ಲಿ ಕಟ್ಟಿದರೇನು? ಹೊಡೆದುಹಾಕಿದೆ.

ಹೆಂಡತಿ ಏಣಿಯಿಂದ ಇಳಿದು ನೆಲದ ಮೇಲೆ ಕೂತು ನಕ್ಕಳು. ಕಣ್ಣೊರೆಸಿಕೊಂಡು ಕೇಳಿದಳು: "ಪಾಪ, ಆಮೇಲೆ ಆ ವರದಿಗಾರರಿಗೇನಾಯ್ತು?"

ಆಮೇಲಿನದನ್ನು ನಾನು ಯಾರಿಗೂ ಹೇಳಿರಲಿಲ್ಲ. ಮರುದಿನ ಸಂಪಾದಕರು ಕರೆದು ಕೇಳಿದಾಗ, "ಫೋನಲ್ಲಿ ಅವರು ಹಾಗೇ ಹೇಳಿದ್ರು ಸಾರ್" ಎಂದಿದ್ದೆ. ತಿದ್ದುಪಡಿಯೂ ಹಾಗೆಯೇ ಅಚ್ಚಾಯಿತು: ‘ದೂರವಾಣಿ ವರದಿಯಲ್ಲಿನ ದೋಷದಿಂದ...’ ಇನ್ನು ಮುಂದೆ ಸುದ್ದಿಯನ್ನು ಬರೆದು ಬಸ್ಸಿನಲ್ಲಿ ಕಳಿಸಿ ಎಂದು ಅವರಿಗೆ ಹೇಳಲಾಯಿತು. ಲಕೋಟೆ ತಲುಪುವಷ್ಟರಲ್ಲಿ ಸುದ್ದಿ ಹಳಸಿರುತ್ತಿತ್ತು. ಕೆಲವು ತಿಂಗಳಲ್ಲಿ ಲಕೋಟೆಯೂ ನಿಂತಿತು. ಒಬ್ಬ ಮನುಷ್ಯನ ಹೆಸರನ್ನು ಒಂದು ವಾಕ್ಯದಲ್ಲಿ ಕೆಡಿಸಿ, ನಾನು ಮುಂದಿನ ಪುಟಕ್ಕೆ ಹೋಗಿದ್ದೆ.

"ಗೊತ್ತಿಲ್ಲ" ಎಂದೆ.

ಎರಡು ದಿನ ಎಲ್ಲೂ ಕೂರಲಾಗಲಿಲ್ಲ. ಪೇಂಟರ್ ಕುರ್ಚಿಗಳನ್ನು ಈ ಕೋಣೆಯಿಂದ ಆ ಕೋಣೆಗೆ ಸಾಗಿಸುತ್ತಿದ್ದ; ನಾನು ಅವುಗಳ ಹಿಂದೆ ಓಡಾಡುತ್ತಿದ್ದೆ. ಹಾಳೆಯನ್ನು ಮಡಚಿ ಜೇಬಿಗಿಡುವುದು, ತೆಗೆದು ಓದುವುದು, ಮತ್ತೆ ಇಡುವುದು. ಮೂರನೆಯ ಬೆಳಿಗ್ಗೆ ಹೆಂಡತಿಗೆ ಎಲ್ಲ ಹೇಳಿದೆ. ಅವಳು ಈ ಸಲ ನಗಲಿಲ್ಲ.

"ಹೋಗಿ ಹೇಳ್ಬಿಟ್ಟು ಬನ್ನಿ. ಇಲ್ಲಿದ್ರೆ ಬಣ್ಣದ ಡಬ್ಬಿ ಒದ್ದು ಚೆಲ್ತೀರ."

ಮೆಟ್ರೊದಲ್ಲಿ ಹುಡುಗಿಯೊಬ್ಬಳು "ಕೂತ್ಕೊಳಿ ಅಂಕಲ್" ಎಂದು ಸೀಟು ಬಿಟ್ಟಳು. ಅತ್ತಿಗುಪ್ಪೆಯವರೆಗೆ ಕೂತು, ಎದ್ದು ಬಾಗಿಲ ಬಳಿ ನಿಂತೆ. ಜ್ಞಾನಭಾರತಿಯಲ್ಲಿ ಇಳಿದು ಉಲ್ಲಾಳದ ಬಸ್ ಹಿಡಿದೆ. ಅವರು ಇದ್ದಾರೋ ಇಲ್ಲವೋ, ಅದೂ ತಿಳಿಯದು. ಇಲ್ಲದಿದ್ದರೆ ಸುಲಭ ಎಂಬ ಯೋಚನೆ ಒಂದು ಸ್ಟಾಪಿನಷ್ಟು ಹೊತ್ತು ಬಂದು ಹೋದದ್ದನ್ನೂ ಇಲ್ಲಿ ದಾಖಲಿಸಬೇಕು.

ಬಸ್ ನಿಲ್ದಾಣದೆದುರಿನ ಟೀ ಅಂಗಡಿಯವನನ್ನು ಕೇಳಿದೆ: "ಹಿಂದೆ ಪೇಪರ್‌ಗೆ ಸುದ್ದಿ ಕೊಡ್ತಿದ್ದರಲ್ಲ..."

"ಓ, ಚೀಟಿ ಸಾರಾ? ಇಲ್ಲೇ ಪಕ್ಕದ್ದೇ ಜೆರಾಕ್ಸ್ ಅಂಗ್ಡಿ. ಮಾತು ಕಮ್ಮಿ ಅವ್ರದು. ಟೀ ಬೇಕಂದ್ರೂ ಚೀಟೀಲಿ ಬರ್ದು ಕಳಿಸ್ತಾರೆ."

ಜೆರಾಕ್ಸ್ ಅಂಗಡಿಗೆ ಹೋಗಿ ಗುರುತು ಹೇಳಿಕೊಂಡೆ. ಅವರು ಎದ್ದು ನಿಂತು ತಮ್ಮ ಕುರ್ಚಿಯನ್ನೇ ಸರಿಸಿಕೊಟ್ಟರು. "ಹೇ... ಹೇಳಿ ಸಾರ್. ಹೇ... ಹೇಗಿದೀರ?" ಪ್ರತಿ ‘ಹ’ದ ಮುಂದೂ ಚರಂಡಿ ದಾಟುವವರಂತೆ ಒಮ್ಮೆ ನಿಂತು, ಅಳತೆ ನೋಡಿ, ಆಮೇಲೆ ಕಾಲಿಡುತ್ತಿದ್ದರು. ನಾನು ಹಾಳೆ ಬಿಚ್ಚಿ ಮೇಜಿನ ಮೇಲಿಟ್ಟೆ. ಅವರು ಆ ಸುದ್ದಿಯನ್ನು ಹುಡುಕಬೇಕಾಗಲಿಲ್ಲ. ಬೆರಳು ನೇರವಾಗಿ ಅಲ್ಲಿಗೇ ಹೋಯಿತು.

"ತಪ್ಪು ನಂದೇ ಸಾರ್. ಆಗ ‘ಹ’ ಪ್ರಾಕ್ಟೀಸ್ ಮಾಡ್ತಿದ್ದೆ, ಕನ್ನಡಿ ಮುಂದೆ. ನೀವೆಲ್ಲ ಕಲ್ಕೊಂಡ್ ಬಾ ಅಂದಿದ್ರಲ್ಲ. ಬೇಡದ ಕಡೆನೂ ಬಂದ್ಬಿಟ್ಟೈತೆ. ಒಂದೊಂದ್ಸಲ, ಇಲ್ಲ, ಸರಿಯಾಗೇ ಅಂದಿದ್ದೆ ಅನ್ಸೋದು. ಆದ್ರೆ ತಿದ್ದುಪಡೀಲೇ ಹಾ... ಹಾಕ್ಬಿಟ್ಟಿದ್ರಲ್ಲ. ಅವತ್ತಿಂದ ನಾಲ್ಗೆ ಮೇಲೆ ನಂಬಿಕೆ ಹೋ... ಹೋಯ್ತು."

ನನಗೆ ಬೈಗುಳ ತಿನ್ನುವ ಸಿದ್ಧತೆ ಇತ್ತು, ಇದಕ್ಕೆ ಇರಲಿಲ್ಲ.

"ನೀವು ‘ಆಡು’ ಅಂತಲೇ ಅಂದ್ರಿ. ‘ಹಾಡು’ ಅಂತ ಬರೆದದ್ದು ನಾನು. ಕೇಳಿದಾಗ ನಿಮ್ಮ ಮೇಲೆ ಹಾಕ್ದೆ."

ಅಷ್ಟರಲ್ಲಿ ಒಬ್ಬ ವಿದ್ಯಾರ್ಥಿನಿ ಬಂದು "ಅಂಕಲ್, ಎರಡೂ ಸೈಡ್, ಎರಡು ಕಾಪಿ" ಎಂದಳು. ಅವರು ಯಂತ್ರದ ಮುಚ್ಚಳ ತೆರೆದು ಒಂದು ಬದಿ ತೆಗೆದರು, ತಿರುಗಿಸಿದರು, ಇನ್ನೊಂದು ಬದಿ ತೆಗೆದರು. ನಾನು ಕುರ್ಚಿಯಿಂದ ಎದ್ದು, ಕೂತು, ಮತ್ತೆ ಎದ್ದೆ. ಅವಳು ಹೋದ ಮೇಲೆ ಅವರು ಒಂದು ಚೀಟಿಯನ್ನೂ ಪೆನ್ನನ್ನೂ ನನ್ನತ್ತ ತಳ್ಳಿದರು.

"ಬರ್ದು ಕೊಡಿ."

ಬರೆದೆ. ಕೈಗೆ ಅಭ್ಯಾಸವಾದ ಭಾಷೆಯೇ ಬಂತು: ‘ಆಡು ಎಂದಿರಬೇಕಾದಲ್ಲಿ ಹಾಡು ಎಂದು ಪ್ರಕಟವಾಗಿತ್ತು. ವಿಷಾದಿಸುತ್ತೇವೆ.’

ಅವರು ಕೆಂಪು ಪೆನ್ನು ತೆಗೆದುಕೊಂಡರು. "ತಾನಾಗೇ ಪ್ರಕಟ ಆಯ್ತಾ ಸಾರ್?" ಆ ಪದದ ಸುತ್ತ ಒಂದು ಸುತ್ತು. "ವಿಷಾದಿಸುತ್ತೇ‘ವೆ’? ಯಾರ್‌ಯಾರು? ಬಂದಿರೋದು ನೀವೊಬ್ರೇ ತಾನೆ?" ಇನ್ನೊಂದು ಸುತ್ತು. ನನ್ನ ಬರಹವನ್ನು ಅಷ್ಟು ಸರಿಯಾಗಿ ಯಾವ ಸಂಪಾದಕರೂ ತಿದ್ದಿರಲಿಲ್ಲ.

ಹೊಸ ಚೀಟಿಯಲ್ಲಿ ಮತ್ತೆ ಬರೆದೆ: ‘ಹಾಡು ಎಂದು ನಾನು ಬರೆದದ್ದನ್ನು ಆಡು ಎಂದು ಓದಿಕೊಳ್ಳಬೇಕು. ವರದಿಗಾರರು ಸರಿಯಾಗಿಯೇ ಹೇಳಿದ್ದರು. ತಪ್ಪು ನನ್ನದು. ವಿಷಾದಿಸುತ್ತೇನೆ.’ ಕೆಳಗೆ ಸಹಿ ಹಾಕಿದೆ.

ಅವರು ಅದನ್ನು ಮನಸ್ಸಿನಲ್ಲೇ ಎರಡು ಸಲ ಓದಿಕೊಂಡರು. ಆಮೇಲೆ ಅಂಗಡಿಯ ಮೆಟ್ಟಿಲಿಗೆ ಹೋಗಿ, ಪಕ್ಕದ ಟೀ ಅಂಗಡಿಯತ್ತ ತಿರುಗಿ, ಎಲ್ಲೂ ನಿಲ್ಲದೆ, ತಡವರಿಸದೆ ಗಟ್ಟಿಯಾಗಿ ಓದಿದರು:

"ಕೇಳಿಲ್ಲಿ! ‘ಆಡು’ ಎಂದು ನಾನು ಬರೆದದ್ದನ್ನು ‘ಆಡು’ ಎಂದು ಓದಿಕೊಳ್ಳಬೇಕು. ವರದಿಗಾರರು ಸರಿಯಾಗಿಯೇ ಏಳಿದ್ದರು!"

ಟೀ ಅಂಗಡಿಯವನು ಸೌಟು ಹಿಡಿದೇ ಹೊರಗೆ ಬಂದ. "ಏನ್ ಸಾರ್ ಇದು, ಎರಡೂ ಒಂದೇ ಅಲ್ವಾ? ಅರ್ಥ ಆಗ್ಲಿಲ್ಲ, ಚೀಟಿ ಕೊಡಿ ಇಲ್ಲಿ, ನಾನೇ ಓದ್ಕೋತೀನಿ."

ಅವರು ಚೀಟಿ ಕೊಡಲಿಲ್ಲ. ಎದೆಯ ಜೇಬಿಗೆ ಇಟ್ಟುಕೊಂಡು, ಮೂವತ್ತು ವರ್ಷದ ಹಿಂದಿನ ಆ ಸುದ್ದಿಯನ್ನು ಮೊದಲಿನಿಂದ, ಬಾಯಲ್ಲೇ, ಹೇಳತೊಡಗಿದರು.