ಲಾಭದ ಮೆಟ್ಟಿಲು

ಹಿರೇಕೆರೂರಿನ ನಮ್ಮ ಓಣಿಯಲ್ಲಿ ಮೊದಲು ಸಿಮೆಂಟಿನ ಮೆಟ್ಟಿಲು ಹಾಕಿಸಿದವರು ನಮ್ಮ ಮಾವ. ನಾನು ಸೊಸೆಯಾಗಿ ಬರುವುದಕ್ಕೆ ಮುಂಚಿನ ಮಾತು. ಉಳಿದವರದೆಲ್ಲ ಕಲ್ಲಿನ ಮೆಟ್ಟಿಲು, ಅವು ಗಟ್ಟಿಯಾಗಿಯೇ ಇದ್ದವು. ನಮ್ಮವು ಹತ್ತು ವರ್ಷಕ್ಕೇ ಅಂಚು ಉದುರಿಸಿಕೊಂಡವು. ಈ ಮಾತನ್ನು ಮಾವನ ಎದುರು ಯಾರೂ ಎತ್ತುತ್ತಿರಲಿಲ್ಲ.

ಅರವತ್ತರ ದಶಕದ ಆರಂಭ. ಒಂದು ಬೆಳಿಗ್ಗೆ ನಡುವಿನ ಮೆಟ್ಟಿಲಿನ ಅಂಚು ಮುರಿದು ಅತ್ತೆ ಬಿದ್ದರು. ಎಲುಬು ಮುರಿಯಲಿಲ್ಲ, ಆದರೆ ಬಲ ಮೊಣಕಾಲು ಮಡಚುವುದನ್ನೇ ಬಿಟ್ಟಿತು. ಇದ್ದದ್ದು ಮೂರೇ ಮೆಟ್ಟಿಲು, ಒಂದೊಂದೂ ಮೊಳದೆತ್ತರ. ಅತ್ತೆ ಒಳಗೇ ಉಳಿದರು.

ಎದುರು ಮನೆಯಲ್ಲಿ ಅವರ ಸ್ವಂತ ಅಕ್ಕ ಹಾಸಿಗೆ ಹಿಡಿದಿದ್ದರು. ಅಕ್ಕತಂಗಿ ಇಬ್ಬರನ್ನೂ ಒಂದೇ ಓಣಿಗೆ ಕೊಟ್ಟಿದ್ದರಿಂದ ನಲವತ್ತು ವರ್ಷ ಅವರು ಒಂದು ಸಂಜೆಯನ್ನೂ ಬೇರೆ ಬೇರೆ ಕಳೆದವರಲ್ಲ. ಈಗ ಅತ್ತೆ ಬಾಗಿಲಿನಿಂದ, ಅಕ್ಕ ಹಾಸಿಗೆಯಿಂದ ಕೂಗಿ ಮಾತಾಡತೊಡಗಿದರು. ಯಾರ ಸೊಸೆಯ ರೊಟ್ಟಿ ಎಷ್ಟು ದಪ್ಪ ಎಂಬುದು ಇಡೀ ಓಣಿಗೆ ತಿಳಿಯಿತು. ಆ ಸೊಸೆ ನಾನೇ.

ಎತ್ತಿಕೊಂಡು ಹೋಗುತ್ತೇವೆ ಎಂದರೆ ಅತ್ತೆ ಒಪ್ಪಲಿಲ್ಲ. "ನಾನೇನ ಹತ್ತಿ ಅಂಡಗಿ ಏನ, ಹೊತ್ಕೊಂಡು ಹೋಗಾಕ? ಅಕ್ಕನ ಮನಿಗೆ ನಡದ ಹೋಗ್ತೇನಿ."

ಅಕ್ಕನ ದನಿ ದಿನದಿಂದ ದಿನಕ್ಕೆ ಸಣ್ಣದಾಗುತ್ತಿತ್ತು. ಒಂದು ಸಂಜೆ ಅತ್ತೆ ಎಷ್ಟು ಕೂಗಿದರೂ ಆಚೆಯಿಂದ ಏನೂ ಕೇಳಲಿಲ್ಲ. ಅಂದು ಅತ್ತೆ ಊಟ ಮಾಡಲಿಲ್ಲ. ಮರುದಿನ ಮಾವ ಚಿಕ್ಕೇರೂರಿನ ಗೌಂಡಿಗೆ ಹೇಳಿಕಳಿಸಿದರು.

ಗೌಂಡಿ ಅಳತೆ ಹಿಡಿದು, "ನಾಕ ಪಾವಟಿಗಿ ಮಾಡೋಣ್ರಿ, ಅವ್ವಾರ ಕಾಲಿಗೆ ಹಗುರ ಆಕ್ಕೈತಿ" ಎಂದ.

ಮಾವ ಹತ್ತಿ ವ್ಯಾಪಾರಸ್ಥರು. ಮೆಟ್ಟಿಲನ್ನು ಅವರು ಕೆಳಗಿನಿಂದ ಲಾಭ, ನಷ್ಟ, ಲಾಭ ಎಂದು ಎಣಿಸುವವರು. ಕೊನೆಯದು ಲಾಭವೇ ಆಗಬೇಕು. ನಾಲ್ಕಾದರೆ ದಿನಾ ನಷ್ಟ ತುಳಿದು ಮನೆ ಹೊಕ್ಕಂತೆ.

"ನಾಕ ಆಗಂಗಿಲ್ಲ. ಐದ ಮಾಡು."

"ಐದಾದ್ರ ಕೆಳಗಿಂದು ಚಕ್ಕಡಿ ಹಾದಿಗೆ ಬರ್ತೈತ್ರಿ."

ಹೊಸ್ತಿಲನ್ನು ಲೆಕ್ಕಕ್ಕೆ ಹಿಡಿಯಬಹುದೇ ಎಂದು ಎರಡು ದಿನ ಚರ್ಚೆಯಾಯಿತು. ಅತ್ತೆಯನ್ನು ಯಾರೂ ಕೇಳಲಿಲ್ಲ. ಕೊನೆಗೆ ನಾಲ್ಕು ಮೆಟ್ಟಿಲು ಕಟ್ಟಿ, ಎಲ್ಲಕ್ಕಿಂತ ಕೆಳಗೆ ಎರಡು ಬೆರಳು ದಪ್ಪದ ಐದನೆಯದೊಂದನ್ನು ಹಾಕುವುದೆಂದು ಗೊತ್ತಾಯಿತು. ಚಕ್ಕಡಿ ಅದರ ಮೇಲೆ ಹಾದರೂ ನಡೆಯುತ್ತಿತ್ತು. ಎಂಟು ದಿನ ಗೋಣಿತಟ್ಟು ಹೊದಿಸಿ ಮೂರು ಹೊತ್ತೂ ನೀರು ಹಾಕಿದ್ದು ನಾನು. ತಟ್ಟು ತೆಗೆದ ದಿನ ಆ ಲಾಭದ ಮೆಟ್ಟಿಲನ್ನು ಮೊದಲು ಎಡವಿದವರು ಮಾವ.

ಆ ಸಂಜೆ ಅತ್ತೆ ಇಳಿದರು. ಇಳಕಲ್ ಸೀರೆಯ ಸೆರಗು ಹೊದ್ದು, ಗೋಡೆ ಹಿಡಿದು, ಒಂದೊಂದಾಗಿ. ಯಾರ ಕೈಯನ್ನೂ ಮುಟ್ಟಲಿಲ್ಲ. ಓಣಿ ದಾಟಿ ಅಕ್ಕನ ಮನೆಯ ಮುಂದೆ ನಿಂತರು.

ಅಲ್ಲಿ ಮೂರು ಕಲ್ಲಿನ ಮೆಟ್ಟಿಲಿದ್ದವು, ಒಂದೊಂದೂ ಮೊಳದೆತ್ತರ.

ಅತ್ತೆ ಕಾಲೆತ್ತಿದರು, ಆಗಲಿಲ್ಲ. ಇನ್ನೊಂದು ಸಲ ಎತ್ತಿದರು. ಒಳಗಿನಿಂದ ಸಣ್ಣ ದನಿ ಕೇಳಿತು, "ಬಂದೇನ?"

"ಬಂದೇನಿ ಅಕ್ಕಾ. ಕೆಳಗ ನಿಂತೇನಿ."

ಲಾಭ ನಷ್ಟ ಎಣಿಸಿದ ನಾವ್ಯಾರೂ ಇದನ್ನು ಯೋಚಿಸಿರಲಿಲ್ಲ. ಅತ್ತೆಯ ಸುದ್ದಿ ಮುಟ್ಟಿಸಲು ದಿನಕ್ಕೆ ನಾಲ್ಕು ಸಲ ಆ ಕಲ್ಲುಗಳನ್ನು ಹತ್ತಿ ಇಳಿದವಳು ನಾನು. ನನ್ನ ಮೇಲೆ ನನಗೇ ಸಿಟ್ಟು ಬಂತು, ಅಳುವೂ ಬಂತು.

ಮಾವನ ಹತ್ತಿರ ಒಂದು ಚೀಲ ಸಿಮೆಂಟು ಉಳಿದಿತ್ತು. ಆಗ ಸರ್ಕಾರದ ಪರ್ಮಿಟ್ಟಿನ ಮೇಲಷ್ಟೇ ಸಿಗುತ್ತಿದ್ದದ್ದು, ದೇವರ ಮನೆಯ ನೆಲಕ್ಕೆಂದು ಎತ್ತಿಟ್ಟದ್ದು. ಮರುದಿನ ಅಕ್ಕನ ಮಗನನ್ನು ಒಂದು ಮಾತು ಕೇಳಿ, ಚೀಲವನ್ನು ಎದುರು ಮನೆಗೆ ಹೊರಿಸಿದರು.

"ಎಷ್ಟ ಪಾವಟಿಗಿ ಮಾಡ್ಲಿರಿ?" ಎಂದ ಗೌಂಡಿ.

"ಎಷ್ಟಾದ್ರೂ ಆಗ್ಲಿ. ಅಕಿ ಹತ್ತುವಂಗ ಕಟ್ಟು."

ನಾಲ್ಕಾದವು. ಅವಕ್ಕೂ ಎಂಟು ದಿನ ನಾನೇ ನೀರು ಹಾಕಿದೆ. ಒಂಬತ್ತನೆಯ ಸಂಜೆ ಅತ್ತೆ ಹತ್ತತೊಡಗಿದಾಗ ನಮ್ಮ ಕಟ್ಟೆಯ ಮೇಲೆ ಕೂತ ಮಾವನ ತುಟಿ ಅಲುಗುತ್ತಿತ್ತು: ಲಾಭ, ನಷ್ಟ, ಲಾಭ. ನಾಲ್ಕನೆಯದಕ್ಕೆ ಬಾಯಿ ಮುಚ್ಚಿಕೊಂಡರು. ಅಷ್ಟರಲ್ಲಿ ಅತ್ತೆ ಒಳಗೆ ಹೋಗಿಯಾಗಿತ್ತು.

ಅಂದಿನಿಂದ ನನ್ನ ರೊಟ್ಟಿಯ ಸುದ್ದಿ ಓಣಿಗೆ ಕೇಳಲಿಲ್ಲ.